ಸ್ಟ್ರಾಟ್ ಗಿಟಾರ್‌ಗೆ ಹೊಸ ಸಿಂಗಲ್ ಕಾಯಿಲ್ ಪಿಕಪ್: ಹಾಕಿಸಿದವರು ಅನುಭವ ಹೇಳಿ

ಪ್ರಶ್ನೆ, ಡೊಂಬಿವಲಿಯಿಂದ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಕಡಿಮೆ ಬೆಲೆಯ ಸ್ಟ್ರಾಟ್ ಮಾದರಿಯ ಗಿಟಾರ್ ಇದೆ. ಮೂರೂ ಸಿಂಗಲ್ ಕಾಯಿಲ್ ಪಿಕಪ್, ಅಂದರೆ ತಂತಿಯ ದನಿ ಹಿಡಿಯುವ, ಒಂದೇ ತಾಮ್ರದ ಸುರುಳಿಯವು. ನಮ್ಮ ಕನ್ನಡ ಸಂಘದ ಆರ್ಕೆಸ್ಟ್ರಾದಲ್ಲಿ ನುಡಿಸುತ್ತೇನೆ. ಹಳೆಯ ಚಿತ್ರಗೀತೆ, ಭಾವಗೀತೆ, ಹುಡುಗರು ಕೇಳಿದರೆ ಒಂದೆರಡು ರಾಕ್ ಹಾಡು.

ಎರಡು ತೊಂದರೆ ಇದೆ. ಬ್ರಿಡ್ಜ್ ಪಿಕಪ್ (ತಂತಿಯ ಬುಡದ ಕಡೆಯದು) ಕಿವಿಗೆ ಚುಚ್ಚುತ್ತದೆ. ಇನ್ನೊಂದು, ಹಾಲ್‌ನಲ್ಲಿ ಸ್ಟೇಜ್ ಲೈಟ್ ಹಾಕಿದ ಕೂಡಲೇ ಗಿಟಾರ್ ಝುಂಯ್ ಅನ್ನುತ್ತದೆ. ಭಾವಗೀತೆಯ ಆಲಾಪದ ಹಿಂದೆ ಅದು ಚೆನ್ನಾಗಿ ಕೇಳಿಸುತ್ತದೆ. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಮುಂಚೆ ಪಿಕಪ್ ಬದಲಿಸಬೇಕು ಅಂತಿದ್ದೇನೆ. ಬಜೆಟ್ ಹತ್ತು ಸಾವಿರದೊಳಗೆ. ಅಲ್ನಿಕೋ 2, ಅಲ್ನಿಕೋ 5 ಮ್ಯಾಗ್ನೆಟ್, ಹಮ್ ಬಾರದ ನಾಯ್ಸ್‌ಲೆಸ್ ಪಿಕಪ್ ಅಂತ ಓದಿ ಓದಿ ಗೊಂದಲವಾಗಿದೆ. ಯಾವುದು ತಗೊಳ್ಳಲಿ?

ಪುಣೆ, ಕೋಥ್ರೂಡ್‌ನಿಂದ

ನಿಮ್ಮ ಎರಡು ತೊಂದರೆಗೂ ಕಾರಣ ಬೇರೆ ಬೇರೆ. ಒಂದು ಸೆಟ್ ಹಾಕಿಸಿದರೆ ಎರಡೂ ಹೋಗುತ್ತದೆ ಅಂತ ದುಡ್ಡು ಹಾಕಬೇಡಿ. ನಾನು ಇಲ್ಲಿ ಗೆಳೆಯರ ಗಿಟಾರ್‌ಗಳಿಗೆ ಪಿಕಪ್ ಹಾಕಿಕೊಡುತ್ತೇನೆ. ಬಂದವರಿಗೆಲ್ಲ ಮೊದಲು ಹೇಳುವ ಮಾತು ಇದೇ.

ಚುಚ್ಚುವ ದನಿಯಿಂದ ಶುರು ಮಾಡೋಣ. 1954ರಲ್ಲಿ ಫೆಂಡರ್ ಸ್ಟ್ರಾಟೋಕಾಸ್ಟರ್ ತಂದಾಗ ಅದರಲ್ಲಿ ಎರಡು ಟೋನ್ ನಾಬ್ ಇದ್ದವು. ಒಂದು ನೆಕ್ ಪಿಕಪ್‌ಗೆ (ಕುತ್ತಿಗೆಯ ಕಡೆಯದು), ಇನ್ನೊಂದು ನಡುವಿನದಕ್ಕೆ. ಬ್ರಿಡ್ಜ್‌ಗೆ ಟೋನೇ ಇಲ್ಲ. ಎಷ್ಟೋ ಕಡಿಮೆ ಬೆಲೆಯ ಗಿಟಾರ್‌ಗಳಲ್ಲಿ ಇವತ್ತಿಗೂ ಅದೇ ವೈರಿಂಗ್. ಪಿಕಪ್ ಆರಿಸುವ ಸ್ವಿಚ್ ಬ್ರಿಡ್ಜ್ ಕಡೆಗಿಟ್ಟು ಎರಡೂ ಟೋನ್ ನಾಬ್ ತಿರುಗಿಸಿ ನೋಡಿ. ದನಿ ಬದಲಾಗದಿದ್ದರೆ ನಿಮ್ಮದೂ ಹಾಗೇ. ಸ್ವಿಚ್‌ನಲ್ಲಿ ಎರಡನೇ ಟೋನ್‌ನ ವೈರ್ ಸೇರುವ ಕಾಲಿನಿಂದ ಬ್ರಿಡ್ಜ್‌ಗೆ ಸೇರಿದ ಖಾಲಿ ಕಾಲಿಗೆ ಒಂದು ಸಣ್ಣ ವೈರ್ ಬೆಸುಗೆ ಹಾಕಿ. ಅಷ್ಟೇ. ಇನ್ನು ಮೇಲೆ ಬ್ರಿಡ್ಜ್‌ಗೂ ಟೋನ್ ಇರುತ್ತದೆ. ಅದನ್ನು 6 ಅಥವಾ 7ಕ್ಕೆ ಇಳಿಸಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಪಿಕ್‌ಗಾರ್ಡ್ (ಮುಂದಿನ ಪ್ಲಾಸ್ಟಿಕ್ ಹಲಗೆ) ಬಿಚ್ಚಿದಾಗ ಪಾಟ್‌ಗಳ, ಅಂದರೆ ನಾಬ್ ಕೆಳಗಿನ ಬಿಡಿಭಾಗಗಳ, ಮೇಲಿನ ಬರಹವನ್ನೂ ನೋಡಿ. ಸಿಂಗಲ್ ಕಾಯಿಲ್‌ಗೆ 250ಕೆ (ಕಿಲೋಓಮ್) ಪಾಟ್ ರೂಢಿ. ಎರಡು ಕಾಯಿಲ್ ಇರುವ ಹಂಬಕರ್‌ಗೆ 500ಕೆ. ಸಿಂಗಲ್ ಕಾಯಿಲ್ ಜೊತೆ 500ಕೆ ಇದ್ದರೆ ಮೇಲಿನ ಸ್ವರಗಳು ಬೇಕಾದ್ದಕ್ಕಿಂತ ಜಾಸ್ತಿ ಹೊಳೆಯುತ್ತವೆ.

ಆಮೇಲೆ ಎತ್ತರ. ಇದನ್ನು ಯಾರೂ ಗಂಭೀರವಾಗಿ ತಗೊಳ್ಳುವುದಿಲ್ಲ, ನನಗೆ ಅದೇ ಬೇಸರ. ಕೊನೆಯ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದು, ತಂತಿಯ ತಳದಿಂದ ಪಿಕಪ್ಪಿನ ಕಂಬದ ತುದಿಗೆ ಅಳೆಯಿರಿ. ಸಾಮಾನ್ಯ ಸಿಂಗಲ್ ಕಾಯಿಲ್‌ಗೆ ಫೆಂಡರ್ ಹೇಳುವ ಅಳತೆ ದಪ್ಪ ತಂತಿಯ ಕಡೆ 2 ಮಿಮೀ, ಸಣ್ಣ ತಂತಿಯ ಕಡೆ 1.6 ಮಿಮೀ. ಅಲ್ಲಿಂದ ಶುರು ಮಾಡಿ, ಬ್ರಿಡ್ಜ್‌ನ ಸಣ್ಣ ತಂತಿಯ ಕಡೆ ಸ್ವಲ್ಪ ಇಳಿಸಿ, ದಪ್ಪ ತಂತಿಯ ಕಡೆ ಸ್ವಲ್ಪ ಏರಿಸಿ. ಸ್ಕ್ರೂಡ್ರೈವರ್ ಒಂದೇ ಸಾಕು.

ಇಷ್ಟಾದ ಮೇಲೂ ದನಿ ಹಿಡಿಸದಿದ್ದರೆ ಪಿಕಪ್ ಬದಲಿಸಿ. ಈಗಿರುವ ಪಿಕಪ್ಪಿನ ಬೆನ್ನು ನೋಡಿ. ಉದ್ದನೆಯ ಪಟ್ಟಿಯಂಥ ಮ್ಯಾಗ್ನೆಟ್ ಅಂಟಿಸಿದ್ದರೆ ಅದು ಸೆರಾಮಿಕ್. ಮೇಲೆ ಕಾಣುವ ಆರು ಕಂಬಗಳು ಬರೀ ಉಕ್ಕು. ಕಂಬಗಳೇ ಮ್ಯಾಗ್ನೆಟ್ ಆಗಿದ್ದರೆ ಸಾಮಾನ್ಯವಾಗಿ ಅಲ್ನಿಕೋ. ಕಂಬದ ಲೋಹ ಬದಲಾದರೆ ಕಾಯಿಲ್‌ನ ಗುಣವೂ ಬದಲಾಗುತ್ತದೆ. ಸೆರಾಮಿಕ್‌ನಿಂದ ಅಲ್ನಿಕೋಗೆ ಹೋದವರಿಗೆ ವ್ಯತ್ಯಾಸ ಕೇಳಿಸುವುದು ಅದಕ್ಕೇ. ಅಲ್ನಿಕೋದಿಂದ ಇನ್ನೊಂದು ಅಲ್ನಿಕೋಗೆ ಹೋದರೆ ಅಷ್ಟು ದೊಡ್ಡ ವ್ಯತ್ಯಾಸ ಇರುವುದಿಲ್ಲ.

ಮುಂಬಯಿ, ಮುಲುಂಡ್‌ನಿಂದ

ಝುಂಯ್ ಬಗ್ಗೆ ನಾನು ಹೇಳುತ್ತೇನೆ. ಹದಿನೈದು ವರ್ಷದ ಮೇಲಾಯಿತು, ಮುಂಬಯಿಯ ಹಾಲ್‌ಗಳಲ್ಲಿ ನುಡಿಸುತ್ತಿದ್ದೇನೆ. ಗಣೇಶೋತ್ಸವದ ಪೆಂಡಾಲ್‌ನಲ್ಲಂತೂ ಗಿಟಾರ್‌ನವರಿಗೆ ಇದೊಂದೇ ಚಿಂತೆ.

ಸದ್ದಿನಲ್ಲಿ ಎರಡು ಬಗೆ ಇದೆ. ಒಂದು ಗಾಳಿಯಲ್ಲಿರುವ ವಿದ್ಯುತ್ ಕ್ಷೇತ್ರದಿಂದ ವೈರಿಂಗ್‌ಗೆ ಹತ್ತುವ ಚರಚರ ಸದ್ದು. ಇನ್ನೊಂದು ಟ್ರಾನ್ಸ್‌ಫಾರ್ಮರ್, ವೈರು, ಮೋಟರ್‌ಗಳ ಅಯಸ್ಕಾಂತ ಕ್ಷೇತ್ರ ನೇರ ಕಾಯಿಲ್‌ನಲ್ಲಿ ಹುಟ್ಟಿಸುವ ಹಮ್. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಹಮ್ ಇರುವುದು 50ರಲ್ಲಿ ಮತ್ತು 100, 150ರಂಥ ಅದರ ಪಟ್ಟುಗಳಲ್ಲಿ. ಲೈಟ್ ಡಿಮ್ಮರ್ ಕರೆಂಟಿನ ಅಲೆಯನ್ನು ಕತ್ತರಿಸಿ ಕಳಿಸುತ್ತದೆ. ಅದರಿಂದ ಇನ್ನೂ ಮೇಲಿನ ಚೂಪು ಸದ್ದುಗಳು ಬರುತ್ತವೆ.

ಯಾವ ಬಗೆ ಅಂತ ಹೀಗೆ ನೋಡಿ. ತಂತಿ ಮುಟ್ಟಿದಾಗ ಸದ್ದು ಕಡಿಮೆಯಾದರೆ ಮೊದಲನೆಯದು. ಕೂತಲ್ಲೇ ಗಿಟಾರ್ ಹಿಡಿದು ಮೆಲ್ಲಗೆ ಸುತ್ತ ತಿರುಗಿ. ಒಂದು ದಿಕ್ಕಿನಲ್ಲಿ ಜೋರು, ಇನ್ನೊಂದರಲ್ಲಿ ಕಡಿಮೆ ಆದರೆ ಎರಡನೆಯದು. ಸಾಮಾನ್ಯವಾಗಿ ಎರಡೂ ಸೇರಿರುತ್ತವೆ. ಮೊದಲನೆಯದಕ್ಕೆ ತಾಮ್ರದ ಟೇಪ್ ಮದ್ದು. ಗಿಟಾರಿನ ಒಳಗುಳಿ ಪೂರ್ತಿ ಮತ್ತು ಪಿಕ್‌ಗಾರ್ಡ್ ಹಿಂದೆ ಅಂಟಿಸಿ ಗ್ರೌಂಡ್‌ಗೆ ಜೋಡಿಸಬೇಕು. ಎರಡನೆಯದಕ್ಕೆ ಟೇಪ್ ಏನೂ ಮಾಡುವುದಿಲ್ಲ. ಅದಕ್ಕೆ ಎರಡು ಕಾಯಿಲ್ ಬೇಕೇ ಬೇಕು.

ಎರಡು ಕಾಯಿಲ್ ಅಂದ ಕೂಡಲೇ ನಾಯ್ಸ್‌ಲೆಸ್ ಅಂತ ಓಡಬೇಡಿ. ಎಷ್ಟೋ ಗಿಟಾರ್‌ಗಳಲ್ಲಿ ನಡುವಿನ ಪಿಕಪ್ಪನ್ನು ಉಲ್ಟಾ ಸುತ್ತಿ, ಉಲ್ಟಾ ಮ್ಯಾಗ್ನೆಟ್ ಹಾಕಿ ಮಾಡಿರುತ್ತಾರೆ. ಐದು ಜಾಗದ ಸ್ವಿಚ್‌ನ ಎರಡು ಮತ್ತು ನಾಲ್ಕನೇ ಜಾಗದಲ್ಲಿ ಅದು ಪಕ್ಕದ ಪಿಕಪ್ ಜೊತೆ ಸೇರುತ್ತದೆ. ಸುತ್ತು ಉಲ್ಟಾ ಆದ್ದರಿಂದ ಹಮ್ ಒಂದನ್ನೊಂದು ಹೊಡೆದುಹಾಕುತ್ತದೆ. ಮ್ಯಾಗ್ನೆಟ್ ಕೂಡ ಉಲ್ಟಾ ಆದ್ದರಿಂದ ತಂತಿಯ ದನಿ ಉಳಿಯುತ್ತದೆ. ಭಾವಗೀತೆಗೆ ಹೇಗೂ ಆ ಎರಡು ಜಾಗದ ತೆಳು, ಸ್ವಚ್ಛ ದನಿಯೇ ಚಂದ. ಹಾಡಿನ ಮಾತುಗಳ ಮೇಲೆ ಅದು ಕೂರುವುದಿಲ್ಲ.

ಇನ್ನೊಂದು ಮಾತು, ದಯವಿಟ್ಟು ಗಮನ ಕೊಡಿ. ಗಿಟಾರ್ ಹಿಡಿದು ಮೈಕ್‌ಗೆ ತುಟಿ ತಾಗಿದಾಗ ಜುಮ್ ಅಂದರೆ ಅಲ್ಲಿ ಅರ್ಥಿಂಗ್ ಸರಿ ಇಲ್ಲ. ಕೂಡಲೇ ನುಡಿಸುವುದನ್ನು ನಿಲ್ಲಿಸಿ, ಎಲೆಕ್ಟ್ರಿಷಿಯನ್ನನ್ನು ಕರೆಸಿ. ಪಿಕಪ್ ಬದಲಿಸಿದರೆ ಅದು ಸರಿಹೋಗುವುದಿಲ್ಲ. ಪ್ಲಗ್‌ನ ಮೂರನೇ ಪಿನ್ ತೆಗೆದು ಹಮ್ ಕಡಿಮೆ ಮಾಡುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ಜೀವಕ್ಕೆ ಅಪಾಯ.

ಗೋವಾ, ವಾಸ್ಕೋದಿಂದ

ಮುಲುಂಡ್ ಅಕ್ಕನ ಮಾತಿಗೆ ಸ್ವಲ್ಪ ಸೇರಿಸುತ್ತೇನೆ, ಒಂದು ಕಡೆ ಒಪ್ಪುವುದಿಲ್ಲ. ನಾನು ಕಾರವಾರದವನು. ಇಲ್ಲಿ ಸಂಜೆ ಹೊತ್ತು ಹೋಟೆಲ್‌ಗಳಲ್ಲಿ ನುಡಿಸುತ್ತೇನೆ. ಒಂದೊಂದು ಜಾಗದಲ್ಲಿ ಫ್ರಿಜ್, ಮಿಕ್ಸರ್, ಬಣ್ಣದ ಲೈಟ್ ಎಲ್ಲಾ ಒಂದೇ ಲೈನ್ ಮೇಲೆ. ಅಂಥಲ್ಲಿ ಎರಡು, ನಾಲ್ಕನೇ ಜಾಗ ಮಾತ್ರ ನಂಬಿ ಕೂರಲು ಆಗುವುದಿಲ್ಲ. ಸೋಲೋಗೆ ನೆಕ್ ಪಿಕಪ್ ಒಂದೇ ಬೇಕು ಅನ್ನಿಸುತ್ತದೆ. ಅದಕ್ಕೇ ನಾನು ನಾಯ್ಸ್‌ಲೆಸ್ ಹಾಕಿಸಿದೆ, ಖುಷಿಯಾಗಿದ್ದೇನೆ.

ಆದರೆ ಅದರ ಸ್ವಭಾವ ಗೊತ್ತಿರಲಿ. ಸ್ಟ್ಯಾಕ್ ಬಗೆಯದರಲ್ಲಿ ಒಂದು ಕಾಯಿಲ್ ಮೇಲೆ, ಇನ್ನೊಂದು ಕೆಳಗೆ. ಮೇಲಿನದು ತಂತಿಯ ದನಿ ಹಿಡಿಯುತ್ತದೆ, ಕೆಳಗಿನದು ಹಮ್ ಕಳೆಯುತ್ತದೆ. ದನಿಯ ತುದಿಯ ಹೊಳಪು ಸ್ವಲ್ಪ ತಗ್ಗುತ್ತದೆ. ಸೀಮೋರ್ ಡಂಕನ್‌ನ ಹಾಟ್ ರೇಲ್ಸ್ ಥರದವು ಬೇರೆ. ಅವು ಸಿಂಗಲ್ ಕಾಯಿಲ್ ಅಗಲದಲ್ಲೇ ಕೂರುವ ಹಂಬಕರ್. ಹಮ್ ಇಲ್ಲ, ದನಿ ದಪ್ಪ ಮತ್ತು ಜೋರು. ರಾಕ್‌ಗೆ ಒಳ್ಳೆಯದು. ಭಾವಗೀತೆಗೆ ನಾನಂತೂ ಹಾಕುವುದಿಲ್ಲ. ಇನ್ನು ಹೆಸರುವಾಸಿ ಕಂಪನಿಯ ನಾಯ್ಸ್‌ಲೆಸ್ ಮೂರೂ ತಗೊಂಡರೆ ನಿಮ್ಮ ಹತ್ತು ಸಾವಿರ ದಾಟುತ್ತದೆ.

ಅಲ್ನಿಕೋ ಬಗ್ಗೆ ಕೇಳಿದಿರಲ್ಲ. ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಕಬ್ಬಿಣದ ಜೊತೆ ಸೇರಿದ ಮ್ಯಾಗ್ನೆಟ್ ಅದು. 5ರ ಸೆಳೆತ ಜಾಸ್ತಿ, ಪೆಟ್ಟು ಗಟ್ಟಿ, ಮೇಲಿನ ಸ್ವರ ಸ್ಪಷ್ಟ. 2ರದ್ದು ಮೆದು, ತಂತಿಯನ್ನು ಅಷ್ಟು ಎಳೆಯುವುದಿಲ್ಲ. ಸೆಳೆತ ಜಾಸ್ತಿ ಇರುವ ಪಿಕಪ್ ತಂತಿಗೆ ತೀರಾ ಹತ್ತಿರವಿದ್ದರೆ ಕುತ್ತಿಗೆಯ ಮೇಲ್ಭಾಗದಲ್ಲಿ ಒತ್ತಿದ ಸ್ವರ ತೊದಲುತ್ತದೆ, ಶ್ರುತಿ ಅಲುಗಾಡುತ್ತದೆ. ಗಿಟಾರ್ ಕೆಟ್ಟಿದೆ ಅಂತ ಎಷ್ಟೋ ಜನ ರಿಪೇರಿಗೆ ಕೊಡುತ್ತಾರೆ. ಪಿಕಪ್ ಇಳಿಸಿದರೆ ಸಾಕು.

ಕಂಬಗಳ ಎತ್ತರವನ್ನೂ ನೋಡಿ. ಹಳೆಯ ಮಾದರಿಯಲ್ಲಿ ಮೂರನೇ ತಂತಿಯ ಕಂಬ ಎದ್ದು ನಿಂತಿರುತ್ತದೆ. ಆ ಕಾಲಕ್ಕೆ ಮೂರನೇ ತಂತಿ ಸುತ್ತಿದ ತಂತಿ, ಅದರ ದನಿ ಕಡಿಮೆ. ಈಗ ನಾವು ಹಾಕುವ ಸೆಟ್‌ನಲ್ಲಿ ಅದು ಬರಿ ತಂತಿ. ಹಾಗಾಗಿ ಅದೊಂದೇ ಮುಂದೆ ಬಂದು ಕೂಗುತ್ತದೆ. ಕಂಬಗಳು ಸಮತಟ್ಟಾಗಿರುವ ಸೆಟ್ ತಗೊಳ್ಳಿ. ಎದ್ದ ಕಂಬವನ್ನು ಒತ್ತಿ ಇಳಿಸಲು ಮಾತ್ರ ಹೋಗಬೇಡಿ. ಹಳೆಯ ರೀತಿಯ ಪಿಕಪ್‌ನಲ್ಲಿ ತಾಮ್ರದ ಎಳೆಯನ್ನು ಕಂಬದ ಮೇಲೇ ಸುತ್ತಿರುತ್ತಾರೆ. ಕೂದಲೆಳೆಯಂಥ ಎಳೆ, ಸುಮಾರು ಎಂಟು ಸಾವಿರ ಸುತ್ತು. ಕಂಬ ಜರುಗಿದರೆ ಎಳೆ ಹರಿಯುತ್ತದೆ, ಪಿಕಪ್ ಸತ್ತ ಹಾಗೇ.

ಸಮುದ್ರದ ಹತ್ತಿರ ಇರುವವರಿಗೆ ಒಂದು ಮಾತು. ಉಪ್ಪು ಗಾಳಿ, ಬೆವರು ಸೇರಿ ಕಂಬಕ್ಕೆ ತುಕ್ಕು ಹಿಡಿಯುತ್ತದೆ. ಅದು ಒಳಗಿಳಿದರೆ ಎಳೆಗೂ ಹಬ್ಬುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಕವರ್ ತೆಗೆದಿಡಬೇಡಿ. ಮಳೆಗಾಲದಲ್ಲಿ ಕೇಸ್ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ.

ಕೇಳಿದವರು, ಡೊಂಬಿವಲಿಯಿಂದ

ಎಲ್ಲರಿಗೂ ತುಂಬಾ ಧನ್ಯವಾದ. ಪಿಕ್‌ಗಾರ್ಡ್ ಬಿಚ್ಚಿದೆ. ಬೆನ್ನಿಗೆ ಪಟ್ಟಿ ಮ್ಯಾಗ್ನೆಟ್ ಇದೆ, ಸೆರಾಮಿಕ್ಕೇ. ಪಾಟ್ ಮೇಲೆ ಬಿ500ಕೆ ಅಂತಿದೆ. ಎರಡು, ನಾಲ್ಕನೇ ಜಾಗದಲ್ಲೂ ಹಮ್ ಕಡಿಮೆಯಾಗುವುದಿಲ್ಲ. ತಂತಿ ಮುಟ್ಟಿದರೆ ಸ್ವಲ್ಪ ಇಳಿಯುತ್ತದೆ, ತಿರುಗಿದರೂ ಬದಲಾಗುತ್ತದೆ. ಬ್ರಿಡ್ಜ್ ಒಂದನ್ನೇ ಬದಲಿಸಲೋ, ಮೂರನ್ನೂ ಬದಲಿಸಲೋ?

ಪುಣೆ, ಕೋಥ್ರೂಡ್‌ನಿಂದ

ಹಾಗಾದರೆ ಮೂರನ್ನೂ ಬದಲಿಸಿ. ಎರಡು, ನಾಲ್ಕರಲ್ಲೂ ಹಮ್ ಇಳಿಯುತ್ತಿಲ್ಲ ಅಂದರೆ ನಿಮ್ಮ ನಡುವಿನ ಪಿಕಪ್ ಉಲ್ಟಾ ಸುತ್ತಿದ್ದಲ್ಲ. ಬ್ರಿಡ್ಜ್ ಒಂದನ್ನು ಎಷ್ಟು ದುಬಾರಿಯದು ಹಾಕಿದರೂ ಆ ಲಾಭ ಸಿಗುವುದಿಲ್ಲ.

ಒಬ್ಬನೇ ತಯಾರಕನ ಅಲ್ನಿಕೋ 5 ಸೆಟ್ ತಗೊಳ್ಳಿ. ನಡುವಿನದು ಉಲ್ಟಾ ಸುತ್ತು, ಉಲ್ಟಾ ಮ್ಯಾಗ್ನೆಟ್ ಅಂತ ಬರೆದಿರಲೇಬೇಕು. ಬೇರೆ ಬೇರೆ ಕಂಪನಿಯದು ಬೆರೆಸಿದರೆ ಒಂದರ ಅಲೆ ಇನ್ನೊಂದಕ್ಕೆ ಎದುರಾಗಿ, ಜೋಡಿ ಹಾಕಿದಾಗ ದನಿ ಡಬ್ಬಿಯೊಳಗಿಂದ ಬಂದ ಹಾಗೆ ತೆಳುವಾಗಬಹುದು. ಹಾಗಾದಾಗ ಒಂದು ಪಿಕಪ್ಪಿನ ಎರಡು ವೈರ್ ಅದಲು ಬದಲು ಮಾಡಿದರೆ ದನಿ ಸರಿಯಾಗುತ್ತದೆ, ಆದರೆ ಹಮ್ ಕಳೆಯುವ ಗುಣ ಉಳಿಯುತ್ತದೆ ಅನ್ನುವ ಭರವಸೆ ಇಲ್ಲ. ನಿಮ್ಮ ಬಜೆಟ್‌ನಲ್ಲಿ ಟೋನ್‌ರೈಡರ್, ವಿಲ್ಕಿನ್ಸನ್ ಥರದ ಸೆಟ್ ನೋಡಿ. ಸೀಮೋರ್ ಡಂಕನ್‌ನ ಎಸ್‌ಎಸ್‌ಎಲ್-1 ನನಗೆ ತುಂಬಾ ಇಷ್ಟ, ಆದರೆ ಅಷ್ಟು ದುಡ್ಡಿಗೆ ಮೂರು ಬರುವುದಿಲ್ಲ. ಅದರ ಕಂಬಗಳೂ ವಾಸ್ಕೋದವರು ಹೇಳಿದ ಹಳೆಯ ಮಾದರಿಯವು.

ಪಿಕಪ್ಪಿನ ಓಮ್ ಸಂಖ್ಯೆ (ಎಳೆಯ ವಿದ್ಯುತ್ ರೋಧ) ನೋಡಿ ಮರುಳಾಗಬೇಡಿ. ಹಳೆಯ ದನಿಯ ಸೆಟ್‌ಗಳು ಸುಮಾರು 5.5ರಿಂದ 6.5 ಕಿಲೋಓಮ್. ಬ್ರಿಡ್ಜ್ ಮಾತ್ರ 6.5, 7ರ ಹತ್ತಿರ ಇದ್ದರೆ ನಿಮಗೆ ಒಳ್ಳೆಯದು. ಸುತ್ತು ಜಾಸ್ತಿಯಾದಷ್ಟೂ ದನಿ ದಪ್ಪವಾಗುತ್ತದೆ, ಚೂಪು ಕಡಿಮೆಯಾಗುತ್ತದೆ. ಆದರೆ 42 ಗೇಜ್ ಬದಲು 43 ಗೇಜ್‌ನ ಸಣ್ಣ ಎಳೆ ಸುತ್ತಿದರೂ ಓಮ್ ಏರುತ್ತದೆ, ಶಕ್ತಿ ಏರಬೇಕು ಅಂತಿಲ್ಲ. ಬಿಸಿಗೂ ಏರುತ್ತದೆ. 20 ಡಿಗ್ರಿಯಲ್ಲಿ 6.0 ತೋರಿಸಿದ ಪಿಕಪ್ 35 ಡಿಗ್ರಿಯ ಸೆಖೆಯಲ್ಲಿ 6.3 ದಾಟಿ ತೋರಿಸುತ್ತದೆ. ಅಳತೆ ಸ್ವಲ್ಪ ಹೆಚ್ಚು ಕಡಿಮೆ ಬಂತು ಅಂತ ಅಂಗಡಿಯವರ ಜೊತೆ ಜಗಳ ಬೇಡ.

ಆರ್ಡರ್ ಮಾಡುವ ಮೊದಲು ಸ್ಕೇಲ್ ಹಿಡಿದು ಮೊದಲ ಕಂಬದ ನಡುವಿನಿಂದ ಆರನೇ ಕಂಬದ ನಡುವಿಗೆ ಅಳೆಯಿರಿ. ಸಾಮಾನ್ಯವಾಗಿ 52 ಮಿಮೀ, ಆದರೆ 50, 48ರವೂ ಇವೆ. ಹೊಸ ಪಿಕಪ್ ಬೇರೆ ಅಳತೆಯದಾದರೆ ಹಳೆಯ ಕವರ್ ಅದಕ್ಕೆ ಕೂರುವುದಿಲ್ಲ. ಪಿಕಪ್ ಹಾಕುವಾಗಲೇ ಪಾಟ್‌ಗಳನ್ನೂ 250ಕೆಗೆ ಬದಲಿಸಿಬಿಡಿ, ಬ್ರಿಡ್ಜ್‌ಗೆ ಟೋನ್ ವೈರನ್ನೂ ಹಾಕಿ, ತಾಮ್ರದ ಟೇಪನ್ನೂ ಅಂಟಿಸಿ. ಗಿಟಾರನ್ನು ಮತ್ತೆ ಮತ್ತೆ ಬಿಚ್ಚುವ ಕೆಲಸ ತಪ್ಪುತ್ತದೆ.

ಬೆಸುಗೆಗೆ 60/40 ಸೀಸ (60 ಪಾಲು ತವರ, 40 ಪಾಲು ಸೀಸದ ಬೆಸುಗೆ ತಂತಿ) ಸಾಕು. ಸ್ವಿಚ್ ಕಾಲಿಗೆ 25 ವ್ಯಾಟ್ ಐರನ್ ನಡೆಯುತ್ತದೆ. ಪಾಟ್‌ನ ಬೆನ್ನಿಗೆ ಇನ್ನೂ ಬಿಸಿ ಬೇಕು, 40 ವ್ಯಾಟ್ ಆದರೂ ಇರಲಿ. ಚೆನ್ನಾಗಿ ಬಿಸಿಯಾದ ಐರನ್ ಇಟ್ಟು ಬೇಗ ತೆಗೆಯಬೇಕು. ಕಡಿಮೆ ಬಿಸಿಯಲ್ಲಿ ಸುಮ್ನೆ ಉಜ್ಜುತ್ತಾ ಕೂತರೆ ಪಾಟ್ ಒಳಗೆ ಸುಡುತ್ತದೆ. ಬಿಚ್ಚುವ ಮೊದಲು ಎಲ್ಲ ವೈರಿನ ಫೋಟೋ ತೆಗೆದಿಟ್ಟುಕೊಳ್ಳಿ.

ಗೋವಾ, ವಾಸ್ಕೋದಿಂದ

ಮೂರನ್ನೂ ಬದಲಿಸುವ ಮಾತಿಗೆ ನನ್ನದೂ ಒಪ್ಪಿಗೆ. ಮೂರಕ್ಕೂ ಟೇಪ್, ಪಾಟ್ ಎಲ್ಲ ಹಾಕಿದ ಮೇಲೂ ನೆಕ್ ಒಂದೇ ನುಡಿಸುವಾಗ ಹಮ್ ತಡೆಯಲಾಗದಿದ್ದರೆ, ಮುಂದೆ ನೆಕ್‌ಗೆ ಮಾತ್ರ ಒಂದು ನಾಯ್ಸ್‌ಲೆಸ್ ಹಾಕಬಹುದು. ಆಗ ನೆಕ್, ನಡು ಸೇರಿದಾಗ ನಡುವಿನದರ ಹಮ್ ಉಳಿಯುತ್ತದೆ, ಅದು ಗೊತ್ತಿರಲಿ.

ಮುಂಬಯಿ, ಮುಲುಂಡ್‌ನಿಂದ

ಪಾಟ್, ಕೆಪಾಸಿಟರ್, ಸೀಸ, ತಾಮ್ರದ ಟೇಪ್ ಎಲ್ಲಾ ಗ್ರಾಂಟ್ ರೋಡ್‌ನ ಲ್ಯಾಮಿಂಗ್ಟನ್ ರೋಡ್‌ನಲ್ಲಿ ಸಿಗುತ್ತದೆ. ಪುಣೆಯವರಿಗೆ ಬುಧವಾರ ಪೇಟೆಯ ತಾಪಕೀರ್ ಗಲ್ಲಿ. ಹಳೆಯ ಪಾಟ್ ಒಂದನ್ನು ಜೊತೆಗೆ ಒಯ್ಯಿರಿ. ಕಡ್ಡಿಯ ದಪ್ಪ, ಹಲ್ಲಿನ ಗೀರು ಹೊಂದದಿದ್ದರೆ ನಾಬ್ ಕೂರುವುದಿಲ್ಲ. ಟೋನ್‌ಗೆ ಲಾಗ್ ಬಗೆಯದು ಕೇಳಿ, ಅದರ ಮೇಲೆ ಎ250ಕೆ ಅಂತ ಇರುತ್ತದೆ. ಟೇಪಿನ ಅಂಟು ಕರೆಂಟ್ ಹಾಯುವ ಬಗೆಯದಾ ಅಂತಲೂ ವಿಚಾರಿಸಿ. ಅಲ್ಲದಿದ್ದರೆ ಪ್ರತಿ ತುಂಡಿನ ಸೇರಿಕೆಗೂ ಒಂದು ಹನಿ ಬೆಸುಗೆ ಬೇಕಾಗುತ್ತದೆ.

ಕಾರ್ಯಕ್ರಮದ ಹಿಂದಿನ ದಿನ ಹಾಲ್‌ಗೆ ಹೋಗಿ, ಲೈಟ್‌ನವರಿಗೆ ಡಿಮ್ಮರ್ ಏರಿಸಲು ಹೇಳಿ, ಐದೂ ಜಾಗದಲ್ಲಿ ಕೇಳಿ ನೋಡಿ. ಹಮ್ ಕಡಿಮೆ ಇರುವ ದಿಕ್ಕು ಸಿಕ್ಕಿದರೆ ಕುರ್ಚಿಯನ್ನು ಹಾಗೇ ಹಾಕಿಸಿಕೊಳ್ಳಿ. ಗಿಟಾರ್ ಕೇಬಲ್ ಡಿಮ್ಮರ್ ವೈರಿನ ಪಕ್ಕದಲ್ಲಿ ಉದ್ದಕ್ಕೆ ಹೋಗುವುದು ಬೇಡ. ದಾಟಲೇಬೇಕಾದರೆ ಅಡ್ಡಲಾಗಿ ದಾಟಿಸಿ.