ಅಡಿಕೆ ಹೋದ ಜಾಗಕ್ಕೆ ರಂಬುಟಾನ್ ಹಾಕಬಹುದಾ?

ಸಂಪಾಜೆ ಕೃಷಿಕ:
ಎಲ್ಲರಿಗೂ ನಮಸ್ಕಾರ. ನಮ್ಮ ಒಂದು ಎಕರೆ ಅಡಿಕೆ ಹಳದಿ ಎಲೆ ರೋಗಕ್ಕೆ ಪೂರ್ತಿ ಹೋಗಿದೆ, ಮತ್ತೆ ಅಡಿಕೆ ನೆಡಲು ಧೈರ್ಯ ಇಲ್ಲ. ನರ್ಸರಿಯವರು ರಂಬುಟಾನ್ (ಸಿಪ್ಪೆ ಮೇಲೆ ಕೂದಲಿರುವ, ಲಿಚಿಯಂಥ ಹಣ್ಣು) ಹಾಕಿ ಅಂತಿದ್ದಾರೆ. ಮನೆ ಹಿಂದೆ ಬೀಜದಿಂದ ಎದ್ದ ಮರ ಒಂದಿದೆ, ಮೈತುಂಬ ಹೂ ಬಿಡುತ್ತದೆ, ಕಾಯಿ ಮಾತ್ರ ಒಂದೂ ಇಲ್ಲ. ಇದನ್ನು ನಂಬಿ ಸಂಸಾರ ನಡೆಸಬಹುದಾ?

ಪುತ್ತೂರು ತೋಟ:
ಅದು ಗಂಡು ಮರ ಇರಬೇಕು ಅಣ್ಣಾ. ಬೀಜದ ಗಿಡದಲ್ಲಿ ಹೀಗಾಗುವುದು ಜಾಸ್ತಿ, ಕಸಿ ಗಿಡವೇ ಬೇಕು. ಮೂರು-ನಾಲ್ಕು ವರ್ಷಕ್ಕೆ ಫಸಲು ಶುರು. ಆದರೆ ಇದಕ್ಕೆ ಚೆನ್ನಾಗಿ ಬಿಸಿಲು ಬೇಕು, ಅಡಿಕೆ ಮರಗಳ ನಡುವೆ ತುರುಕಿದರೆ ಸುಮ್ನೆ ಎತ್ತರಕ್ಕೆ ಹೋಗುತ್ತದೆ. 40 ಅಡಿ ಅಂತರ ಇಟ್ಟರೆ ಎಕರೆಗೆ 27 ಗಿಡ ಅಷ್ಟೇ ಹಿಡಿಯುವುದು. ಬೇಸಿಗೆಯಲ್ಲಿ ನೀರು ತಪ್ಪಿಸಬೇಡಿ.

ಬೆಳ್ತಂಗಡಿಯವ:
ಬೆಳೆಯುವುದು ಕಷ್ಟ ಅಲ್ಲ, ಮಾರುವುದೇ ಕಷ್ಟ. ಅಡಿಕೆಯಾದರೆ ರೇಟು ಬರುವ ತನಕ ಚೀಲದಲ್ಲಿ ಇಡಬಹುದು, ಇದು ಹಾಗಲ್ಲ. ಕೊಯ್ದ ಮೇಲೆ ಹಣ್ಣಾಗುವುದಿಲ್ಲ, ಹಾಗಾಗಿ ಮರದಲ್ಲೇ ಕೆಂಪಾಗುವ ತನಕ ಕಾಯಬೇಕು. ಕೊಯ್ದರೆ ಎರಡು-ಮೂರು ದಿನದಲ್ಲಿ ಮೇಲಿನ ಕೂದಲು ಕಪ್ಪಾಗುತ್ತದೆ, ಒಳಗೆ ತಿರುಳು ಚೆನ್ನಾಗಿದ್ದರೂ ಅಂಗಡಿಯವರು ಮುಟ್ಟುವುದಿಲ್ಲ. ಕಾಯುವಷ್ಟು ದಿನ ಬಾವಲಿ ಕಾಟ ಬೇರೆ. ಕೇರಳದಲ್ಲಿ ಇಡೀ ಮರಕ್ಕೇ ಬಲೆ ಹೊದಿಸುತ್ತಾರೆ. 2018ರಲ್ಲಿ ಅಲ್ಲಿ ಬಾವಲಿಯಿಂದ ಹರಡುವ ನಿಪಾ ಜ್ವರ ಬಂದ ಮೇಲೆ ಬಾವಲಿ ಕಚ್ಚಿದ ಹಣ್ಣು ಅಂದರೆ ಜನ ಹೆದರುತ್ತಾರೆ, ಬಲೆ ಖರ್ಚು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಕೊಯ್ಲಾದ ತಕ್ಷಣ ಗೆಲ್ಲು ಸವರಿ ಮರವನ್ನು ಗಿಡ್ಡ ಇಟ್ಟರೆ ಮಾತ್ರ ಬಲೆ ಹಾಕಲು ಆಗುವುದು.

ಕೊಡಗಿನ ಕಾಫಿ:
ಒಮ್ಮೆ ಚೆಟ್ಟಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರಕ್ಕೆ ಹೋಗಿ ಬನ್ನಿ, ನಿಮಗೆ ದೂರವೇನಲ್ಲ. ಅರ್ಕಾ ಕೂರ್ಗ್ ಅರುಣ್, ಅರ್ಕಾ ಕೂರ್ಗ್ ಪತೀಬ್ ಅಂತ ಎರಡು ತಳಿ ಅವರದ್ದೇ. ನಮ್ಮ ಕಡೆ ಹಣ್ಣು ಬರುವುದು ಸೆಪ್ಟೆಂಬರ್ ಮೇಲೆ, ಆಗ ಕೇರಳದ ಹಣ್ಣು ಮುಗಿಯುತ್ತಾ ಬಂದಿರುತ್ತದೆ, ನಮಗೆ ಅದೇ ಅನುಕೂಲ. ನೀವಿರುವುದು ಘಟ್ಟದ ಕೆಳಗೆ, ನಿಮ್ಮಲ್ಲಿ ಮಳೆಗಾಲದ ನಡುವೆಯೇ ಕೊಯ್ಲು ಬಂದರೆ ಕೇರಳದ ಹಣ್ಣಿನ ಜೊತೆಗೇ ಪೈಪೋಟಿ ಮಾಡಬೇಕು.

ಸಂಪಾಜೆ ಕೃಷಿಕ:
ತುಂಬಾ ಉಪಕಾರ ಆಯ್ತು. ಹಾಗಾದರೆ ಈ ವರ್ಷ ಹತ್ತು ಗಿಡ ಸಾಕು, ಉಳಿದ ಜಾಗಕ್ಕೆ ಬಾಳೆ ಹಾಕುತ್ತೇನೆ. ಸುಳ್ಯ ಕಡೆ ಇದನ್ನು ಬೆಳೆದವರು ಯಾರಾದರೂ ಇದ್ದರೆ ಹೇಳಿ, ಹಣ್ಣನ್ನು ಒಟ್ಟಿಗೆ ಒಂದೇ ಗಾಡಿಯಲ್ಲಿ ಮಂಗಳೂರಿಗೆ ಕಳಿಸಲು ಆಗುತ್ತದಾ ನೋಡೋಣ.