ಪದಚರ್ಚೆ: ಕ್ಲೀಟ್, ಸ್ಟೇಪಲ್, ಬ್ರಾಡ್ – ಎಲ್ಲಕ್ಕೂ ‘ಆಣಿ’ ಸಾಕೇ?

ಪ್ರಶ್ನೆ: ಎಂಜಿನಿಯರ್ಡ್ ಮರದ (ಮರದ ಪದರಗಳನ್ನು ಅಂಟಿಸಿ ಮಾಡಿದ) ಹಲಗೆಯನ್ನು ನೆಲಕ್ಕೆ ಹಾಸುವ ಕೈಪಿಡಿಯೊಂದನ್ನು ಕಾಸರಗೋಡಿನ ಮರಗೆಲಸದವರಿಗಾಗಿ ಕನ್ನಡಕ್ಕೆ ತರುತ್ತಿದ್ದೇವೆ. ಕ್ಲೀಟ್, ಸ್ಟೇಪಲ್, ಬ್ರಾಡ್ ಮೂರಕ್ಕೂ ಕರಡಿನಲ್ಲಿ ‘ಮೊಳೆ’ ಎಂದಿದೆ. ಇಲ್ಲಿ ಮಲಯಾಳದವರಂತೆ ‘ಆಣಿ’ ಎಂದರೂ ಎಲ್ಲರಿಗೂ ತಿಳಿಯುತ್ತದೆ. ಬೇರೆ ಬೇರೆ ಪದ ಬೇಕೇ? ‘ಕ್ರೌನ್’, ‘ಗೇಜ್’ಗೆ ಏನೆನ್ನೋಣ?

ಉತ್ತರ: ಬೇಕೇ ಬೇಕು. ಮೂರೂ ಬೇರೆ ಸಾಮಾನು, ಅವನ್ನು ಹೊಡೆಯುವ ಗನ್ನುಗಳೂ ಬೇರೆ. ಕ್ಲೀಟ್ ಎಂದರೆ ಮೈಮೇಲೆ ಗೀರುಗಳಿದ್ದು, ತಲೆ ಎಲ್ ಅಥವಾ ಟಿ ಆಕಾರದಲ್ಲಿರುವ ಮೊಳೆ, ‘ಗೀರುಮೊಳೆ’ ಎನ್ನಬಹುದು. ಸ್ಟೇಪಲ್ ಎರಡು ಕಾಲಿನದು, ಹೆಸರು ಹಾಗೆಯೇ ಇರಲಿ. ಆ ಕಾಲುಗಳನ್ನು ಮೇಲೆ ಜೋಡಿಸುವ ಅಡ್ಡಭಾಗವಾದ ಕ್ರೌನ್ ಅನ್ನು ‘ಕಿರೀಟ’ ಮಾಡಬೇಡಿ, ‘ಬೆನ್ನಿನ ಅಗಲ’ ಎಂದರೆ ಸಾಕು. ಬ್ರಾಡ್ ಸಣ್ಣ ತಲೆಯ ತೆಳು ಮೊಳೆ. ಗೋಡೆಯಂಚಿನ ಮೊದಲ ಮತ್ತು ಕೊನೆಯ ಸಾಲಿಗೆ ಫ್ಲೋರಿಂಗ್ ಗನ್ ಹಿಡಿಸದು, ಅಲ್ಲಿ ಇದು ಬೇಕು.

ಗೇಜ್ ಎಂದರೆ ತಂತಿಯ ಅಳತೆಯ ಅಂಕಿ, ಅದನ್ನು ‘ದಪ್ಪ’ ಎಂದು ಬರೆದರೆ ತಲೆಕೆಳಗಾಗುತ್ತದೆ. 18 ಗೇಜಿನದು ಸುಮಾರು 1.2 ಮಿ.ಮೀ., 16ರದು 1.6. ಅಂಕಿ ಏರಿದಂತೆ ತಂತಿ ತೆಳು. 12 ಮಿ.ಮೀ. ಹಲಗೆಗೆ 18 ಗೇಜ್ ಸರಿ. ದಪ್ಪದ್ದನ್ನು ಹೊಡೆದರೆ ಹಲಗೆಯಂಚಿನಲ್ಲಿ ಚಾಚಿರುವ ನಾಲಿಗೆ ಸೀಳುತ್ತದೆ. (ಟಂಗ್‌ಗೆ ‘ನಾಲಿಗೆ’ ಒಪ್ಪುತ್ತದೆ. ಅದು ಕೂರುವ ಪಕ್ಕದ ಹಲಗೆಯ ಸೀಳು, ಅಂದರೆ ಗ್ರೂವ್‌ಗೆ ‘ತೋಡು’ ಎಂದರೆ ಕಾಸರಗೋಡಿನಲ್ಲಿ ನೀರು ಹರಿಯುವ ತೋಡೇ ನೆನಪಾಗುತ್ತದೆ. ಅದಕ್ಕಿಂತ ‘ಗ್ರೂವ್’ ಮೇಲು.)

ಉದ್ದದ ವಿಷಯವನ್ನು ಮಾತ್ರ ವಿವರವಾಗಿಯೇ ಬರೆಯಿರಿ. ನಮ್ಮಲ್ಲಿ ನೆಲ ಕಾಂಕ್ರೀಟಿನದು, ಅದಕ್ಕೆ ನೇರವಾಗಿ ಇವು ಯಾವುವೂ ಹಿಡಿಯವು. ಪ್ಲೈವುಡ್ ಕೂರಿಸಿಯೇ ಹೊಡೆಯಬೇಕು, ಇಲ್ಲವೆ ಅಂಟಿನ ದಾರಿ. 18 ಮಿ.ಮೀ. ಪ್ಲೈವುಡ್ ಮೇಲೆ 38 ಮಿ.ಮೀ. ಗೀರುಮೊಳೆಯನ್ನು 45 ಡಿಗ್ರಿ ಓರೆಯಲ್ಲಿ ಹೊಡೆದರೆ ಅದು 27 ಮಿ.ಮೀ. ಕೆಳಗಿಳಿಯುತ್ತದೆ. ನಾಲಿಗೆಯಿಂದ ಪ್ಲೈವರೆಗಿನ ಸುಮಾರು 6 ಕಳೆದರೂ 21 ಉಳಿಯಿತು, ತುದಿ ಕಾಂಕ್ರೀಟಿಗೆ ತಾಗಿ ತಲೆ ಮೇಲೆಯೇ ನಿಲ್ಲುತ್ತದೆ, ಮುಂದಿನ ಹಲಗೆ ಕೂರದು. 32 ಮಿ.ಮೀ. ತನ್ನಿ.

ತಲೆ ಮೇಲೆ ನಿಲ್ಲುವುದಕ್ಕೆ ಗನ್ನಿನ ಗಾಳಿಯ ಒತ್ತಡ ಕಡಿಮೆಯಾದದ್ದೂ ಕಾರಣವಿರಬಹುದು. ಹೆಚ್ಚಾದರೆ ನಾಲಿಗೆ ಒಡೆಯುತ್ತದೆ, ಮೇಲ್ಮೈಯಲ್ಲಿ ಉಬ್ಬು ಕಾಣುತ್ತದೆ. ತುಂಡು ಹಲಗೆಯಲ್ಲಿ ಕಡಿಮೆ ಒತ್ತಡದಿಂದ ಶುರುಮಾಡಿ, ತಲೆ ಸಮವಾಗುವವರೆಗೆ ಏರಿಸುವುದು ಕ್ರಮ. ಸ್ಟೇಪಲ್ ಸಾಮಾನ್ಯವಾಗಿ 3–4 ಇಂಚಿಗೊಂದು, ತುದಿಯಿಂದ 1–2 ಇಂಚು ಬಿಟ್ಟು. ಗೀರುಮೊಳೆಯ ಅಂತರಕ್ಕೆ ಹಲಗೆ ಕಂಪನಿಯ ಸೂಚನಾ ಹಾಳೆಯೇ ಕೊನೆಯ ಮಾತು.