ಪದಚರ್ಚೆ: ಸೇನೆ ‘ವಾಪಸಾತಿ’ಯೋ, ‘ತೆರವೋ’, ‘ಮರುನಿಯೋಜನೆ’ಯೋ?

ಎಲ್ಲರಿಗೂ ನಮಸ್ಕಾರ.

ಇರಾಕಿನಿಂದ ಸೇನೆಯನ್ನು ಹೊರಗೆ ತರಬೇಕೋ ಬೇಡವೋ ಎಂದು ಅಮೆರಿಕದ ಎರಡು ಪಕ್ಷಗಳು 2005ರಿಂದ 2008ರವರೆಗೆ ನಡೆಸಿದ ಜಗಳದ ಬಗ್ಗೆ ಒಂದು ದೊಡ್ಡ ಬರಹ ಕೈಗೆತ್ತಿಕೊಂಡಿದ್ದೇನೆ. ಸಂಗತಿಗಳಿಗೇನೂ ಬರವಿಲ್ಲ, ಸಿಕ್ಕಿಕೊಂಡಿರುವುದು ಪದಗಳಲ್ಲಿ. ಒಂದೇ ಕೆಲಸಕ್ಕೆ ರಿಪಬ್ಲಿಕನ್ನರದು ಒಂದು ಹೆಸರು, ಡೆಮಾಕ್ರಾಟರದು ಇನ್ನೊಂದು, ಬೀದಿಗಿಳಿದ ಯುದ್ಧವಿರೋಧಿಗಳದು ಮತ್ತೊಂದು. ನಮ್ಮ ಪತ್ರಿಕೆಗಳಲ್ಲಿ ಎಲ್ಲಕ್ಕೂ ಸೇರಿ ‘ಸೇನೆ ವಾಪಸಾತಿ’. ಹಾಗಾಗಿ ಕನ್ನಡದಲ್ಲಿ ಓದಿದವರಿಗೆ ಇವರು ಯಾಕಾಗಿ ಇಷ್ಟು ಕಿತ್ತಾಡಿದರು ಅನ್ನುವುದೇ ಗೊತ್ತಾಗುವುದಿಲ್ಲ. ನನಗೆ ತೋಚಿದ್ದನ್ನೂ ಪ್ರಶ್ನೆಗಳ ಜೊತೆಗೇ ಬರೆಯುತ್ತೇನೆ. ಒಪ್ಪಲೇಬೇಕೆಂದಿಲ್ಲ, ಆದರೆ ಒಪ್ಪದಿದ್ದರೆ ಬದಲಿ ಪದ ಕೊಡಿ.

ಮೊದಲು ಒಂದು ಪ್ರಸಂಗ, ಯಾಕೆಂದರೆ ತೊಡಕೆಲ್ಲ ಅದರೊಳಗೇ ಇದೆ. 2005ರ ನವೆಂಬರ್ 17ರಂದು ಪೆನ್ಸಿಲ್ವೇನಿಯಾದ ಡೆಮಾಕ್ರಾಟ್ ಸಂಸದ ಜಾನ್ ಮರ್ಥಾ, ಇರಾಕಿನಲ್ಲಿ ಸೇನೆಯ ಕೆಲಸ ಮುಗಿಯಿತು, ಹೊರಡೋಣ ಎಂದರು. ಮಾತು ಆಡಿದವರು ಸಾಮಾನ್ಯ ಶಾಂತಿವಾದಿಯಲ್ಲ. ಮರೀನ್ ಪಡೆಯಲ್ಲಿ ಕರ್ನಲ್ ಆಗಿ ನಿವೃತ್ತರಾದವರು, ವಿಯೆಟ್ನಾಮಿನಲ್ಲಿ ಗಾಯಗೊಂಡವರು, 2002ರಲ್ಲಿ ಯುದ್ಧದ ಪರವಾಗಿಯೇ ಮತ ಹಾಕಿದ್ದವರು. ಅವರ ನಿರ್ಣಯದಲ್ಲಿದ್ದದ್ದು ‘ರಿಡಿಪ್ಲಾಯ್’ ಎಂಬ ಕ್ರಿಯಾಪದ. ಅದನ್ನು ಯಾವಾಗ ಮಾಡಬೇಕು ಎಂಬುದಕ್ಕೆ ‘ಕಾರ್ಯಸಾಧ್ಯವಾದಷ್ಟು ಬೇಗನೆ’ ಎಂಬರ್ಥದ ಮಾತಿತ್ತು. ತುರ್ತಿಗೆ ಒದಗುವ ಒಂದು ಪಡೆ ಮತ್ತು ಒಂದಷ್ಟು ಮರೀನ್‌ಗಳು ಅದೇ ಪ್ರದೇಶದಲ್ಲಿ, ಇರಾಕಿನ ‘ದಿಗಂತದಾಚೆ’, ಇರಬೇಕು ಎಂದೂ ಇತ್ತು.

ಮಾರನೆಯ ದಿನವೇ ರಿಪಬ್ಲಿಕನ್ನರು ತಮ್ಮದೇ ಒಂದು ನಿರ್ಣಯ ತಂದರು. ಅದರಲ್ಲಿ ದಿಗಂತವೂ ಇಲ್ಲ, ಕಾರ್ಯಸಾಧ್ಯತೆಯೂ ಇಲ್ಲ. ನಿಯೋಜನೆಯನ್ನು ‘ತಕ್ಷಣ’ ಕೊನೆಗೊಳಿಸಬೇಕು, ಅಷ್ಟೆ. ತಂದವರ ಉದ್ದೇಶ ಅದನ್ನು ಸೋಲಿಸುವುದು, ಸೋಲಿಸುವಾಗ ಎದುರಾಳಿಗಳನ್ನು ಇಕ್ಕಟ್ಟಿಗೆ ಸಿಕ್ಕಿಸುವುದು. 403 ಮತ ವಿರುದ್ಧ, 3 ಮತ ಪರ. ಮರ್ಥಾ ಅವರೇ ವಿರುದ್ಧ ಮತ ಹಾಕಿದರು! ಹಿಂದಿನ ದಿನ ಸೇನೆ ಹೊರಡಲಿ ಎಂದವರು ಮರುದಿನ ಬೇಡವೆಂದರು ಎಂದು ಬರೆದರೆ ಅವರು ಮಾತು ತಪ್ಪಿದವರಂತೆ ಕಾಣುತ್ತಾರೆ. ಎರಡೂ ಕಡೆ ‘ಸೇನೆ ವಾಪಸಾತಿ ನಿರ್ಣಯ’ ಎಂದು ಬರೆಯುವ ಕನ್ನಡ ವರದಿ ಮಾಡುವುದು ಇದನ್ನೇ. ಇಲ್ಲಿ ‘ಸಾಧ್ಯವಾದಷ್ಟು ಬೇಗ’ ಮತ್ತು ‘ಈ ಕೂಡಲೇ’ ಎಂಬ ಎರಡು ಮಾತುಗಳ ನಡುವೆ ಇಡೀ ಸಭೆ ನಿಂತಿತ್ತು. ಅನುವಾದಿಸುವವರು ಕ್ರಿಯಾವಿಶೇಷಣವನ್ನು ನುಂಗಿಹಾಕುವ ಚಾಳಿ ಬಿಡಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈಗ ಪ್ರಶ್ನೆ. ‘ರಿಡಿಪ್ಲಾಯ್ಮೆಂಟ್’ಗೆ ‘ಮರುನಿಯೋಜನೆ’ ಎಂದು ಹಾಕಿಕೊಂಡಿದ್ದೇನೆ. ಓದಿದರೆ ಕಚೇರಿಯ ವರ್ಗಾವಣೆ ಆದೇಶದಂತಿದೆ, ನಿಜ. ಆದರೆ ಆ ಬಣ್ಣವಿಲ್ಲದ ದನಿಯೇ ಡೆಮಾಕ್ರಾಟರಿಗೆ ಬೇಕಿತ್ತು. ಸೋತು ಬರುತ್ತಿಲ್ಲ, ಓಡಿ ಬರುತ್ತಿಲ್ಲ, ಇಲ್ಲಿಂದೆದ್ದು ಅಲ್ಲಿ ಕೂರುತ್ತೇವೆ. ಮೇಲಾಗಿ ಮರ್ಥಾ ಅವರ ನಿರ್ಣಯದ ಪ್ರಕಾರ ಸೈನಿಕರೆಲ್ಲ ಮನೆಗೆ ಬರುವಂತಿರಲಿಲ್ಲ. ಅದನ್ನು ‘ವಾಪಸಾತಿ’ ಎಂದರೆ ಅವರು ಹೇಳದ್ದನ್ನು ಅವರ ಬಾಯಲ್ಲಿ ತುರುಕಿದಂತೆ. ‘ವಾಪಸ್ ಕರೆತನ್ನಿ’ ಎಂಬುದು ಬೀದಿಯಲ್ಲಿದ್ದ ಯುದ್ಧವಿರೋಧಿಗಳ ಘೋಷಣೆ, ಅದನ್ನು ಅವರಿಗೇ ಬಿಡೋಣ. ‘ಮರುನಿಯೋಜನೆ’ಗಿಂತ ಹಗುರವಾದ, ಆದರೆ ಅಷ್ಟೇ ತಣ್ಣಗಿನ ಪದ ಯಾರಿಗಾದರೂ ಹೊಳೆಯುತ್ತದೆಯೇ?

ಇದಕ್ಕಿಂತ ಕಷ್ಟದ್ದು ರಿಪಬ್ಲಿಕನ್ನರ ಅಸ್ತ್ರವಾದ ‘ಕಟ್ ಅಂಡ್ ರನ್’. ಅದೇ ನವೆಂಬರ್ 18ರ ಚರ್ಚೆಯಲ್ಲಿ, ಆಗಷ್ಟೇ ಉಪಚುನಾವಣೆಯಲ್ಲಿ ಗೆದ್ದು ಬಂದಿದ್ದ ಒಹಾಯೋದ ಜೀನ್ ಸ್ಮಿಟ್, ಮರ್ಥಾ ಅವರಿಗೆ ಒಬ್ಬರು ಹೇಳಿಕಳಿಸಿದ್ದಾರೆಂದು ಒಂದು ಸಂದೇಶ ಓದಿದರು: ಹೀಗೆ ಓಡುವವರು ಹೇಡಿಗಳು, ಮರೀನ್‌ಗಳು ಎಂದೂ ಓಡುವವರಲ್ಲ. ಸಭೆಯಲ್ಲಿ ಗದ್ದಲವೋ ಗದ್ದಲ. ಕೊನೆಗೆ ಅವರು ಆ ಮಾತನ್ನು ಹಿಂತೆಗೆದುಕೊಂಡರು. (ಸೇನೆಯನ್ನು ಹಿಂತೆಗೆಯಬಾರದೆಂದು ವಾದಿಸಲು ನಿಂತು ಮಾತನ್ನು ಹಿಂತೆಗೆಯಬೇಕಾಯಿತು. ಈ ವಿನೋದವನ್ನು ಕನ್ನಡ ಪುಕ್ಕಟೆಯಾಗಿ ಕೊಡುತ್ತದೆ.)

‘ಕಟ್ ಅಂಡ್ ರನ್’ ಎಂಬ ಮಾತಿನ ಮೂಲ ಹಡಗಿನದು. ಲಂಗರನ್ನು ಎತ್ತಲು ವ್ಯವಧಾನವಿಲ್ಲದಾಗ ಅದರ ಹಗ್ಗ ಕತ್ತರಿಸಿ ಗಾಳಿ ಬಂದತ್ತ ಹಾಯಿ ಬಿಡುವುದು. ‘ಪಲಾಯನ’ ಎಂದು ಬರೆದುಬಿಡಬಹುದು, ನಿಘಂಟೂ ತಲೆಯಾಡಿಸುತ್ತದೆ. ಆದರೆ ಸಭೆಯಲ್ಲಿ ಎದ್ದು ನಿಂತು ಯಾರೂ ‘ಪಲಾಯನ’ ಎಂದು ಮೂದಲಿಸುವುದಿಲ್ಲ, ಅದು ವರದಿಗಾರನ ಪದ. ಆಡುಮಾತಿನಲ್ಲಿ ನಮಗೆ ‘ಕಾಲಿಗೆ ಬುದ್ಧಿ ಹೇಳು’ ಇದೆ, ‘ಕಾಲ್ಕೀಳು’ ಇದೆ, ‘ಬೆನ್ನು ತೋರಿಸು’ ಇದೆ. ಮೊದಲನೆಯದರಲ್ಲಿ ನಗೆ ಜಾಸ್ತಿ, ವಿಷ ಕಡಿಮೆ. ನಾಯಿ ಅಟ್ಟಿಸಿಕೊಂಡು ಬಂದಾಗ ಕಾಲಿಗೆ ಬುದ್ಧಿ ಹೇಳಿದವನನ್ನು ಯಾರೂ ಹೇಡಿ ಅನ್ನುವುದಿಲ್ಲ. ‘ಬೆನ್ನು ತೋರಿಸು’ ರಣರಂಗದ ಮಾತು, ಹೇಡಿತನದ ಆರೋಪ ನೇರವಾಗಿ ತಾಗುತ್ತದೆ. ಸ್ಮಿಟ್ ಅವರ ಬಾಯಿಗೆ ಇದೇ ಸರಿ ಅನ್ನಿಸುತ್ತದೆ.

ಆದರೆ ಆರೋಪದಲ್ಲಿ ಎರಡು ಎಳೆಗಳಿದ್ದವು. ಹೆದರಿ ಓಡುತ್ತೀರಿ ಎಂಬುದು ಒಂದು. ನಿಮ್ಮನ್ನು ನಂಬಿದ ಇರಾಕಿಗಳನ್ನು ಬಿಟ್ಟು ಓಡುತ್ತೀರಿ ಎಂಬುದು ಇನ್ನೊಂದು. ಎರಡನೆಯದನ್ನು ಗಂಭೀರವಾಗಿ ಹೇಳಿದವರೂ ಇದ್ದರು, ಎಲ್ಲವೂ ಬರೀ ಮೂದಲಿಕೆಯಾಗಿರಲಿಲ್ಲ. ಅದಕ್ಕೆ ‘ನಡುನೀರಿನಲ್ಲಿ ಕೈಬಿಡು’ ಹೇಗೆ? ನೀರಿನ ವಾಸನೆಯೂ ಉಳಿಯಿತು, ನಂಬಿಕೆದ್ರೋಹವೂ ಬಂತು. ಸಂದರ್ಭ ನೋಡಿ ಒಂದೊಂದು ಕಡೆ ಒಂದೊಂದು ಹಾಕಬೇಕೆಂದಿದ್ದೇನೆ. ಒಂದು ಪದಕ್ಕೆ ಉದ್ದಕ್ಕೂ ಒಂದೇ ಪದ ಎಂಬ ಹಟ ಇಲ್ಲಿ ನಡೆಯುವುದಿಲ್ಲ ಅನ್ನುವುದು ನನ್ನ ವಾದ. ಪರಿಭಾಷೆಯ ಶಿಸ್ತಿನವರು ಬೈಯಬಹುದು.

‘ಸ್ಟೇ ದ ಕೋರ್ಸ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಧ್ಯಕ್ಷ ಬುಷ್ ಹೇಳುವಾಗ ‘ಹಿಡಿದ ದಾರಿ ಬಿಡೆವು’, ಡೆಮಾಕ್ರಾಟರು ಅದನ್ನೇ ಎತ್ತಿ ಆಡಿಕೊಳ್ಳುವಾಗ ‘ಉಡದ ಪಟ್ಟು’. 2006ರ ಅಕ್ಟೋಬರ್ ಹೊತ್ತಿಗೆ, ಸಂಸತ್ತಿನ ಚುನಾವಣೆ ಎದುರಿಗಿದ್ದಾಗ, ಶ್ವೇತಭವನವೇ ಆ ಮಾತನ್ನು ಕೈಬಿಟ್ಟಿತು. ನವೆಂಬರಿನಲ್ಲಿ ಡೆಮಾಕ್ರಾಟರು ಎರಡೂ ಸದನ ಗೆದ್ದರು.

ಆಮೇಲೆ ಬಂದದ್ದು 2007ರ ಜನವರಿ 10ರ ಘೋಷಣೆ. ಇನ್ನೂ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳಿಸುತ್ತೇವೆ ಎಂದು. ಸರ್ಕಾರದ ಕಡೆಯವರು ‘ಸರ್ಜ್’ ಎಂದರು. ಏರಿ ಇಳಿಯುವಂಥದ್ದು ಎಂಬ ಸೂಚನೆ ಅದರಲ್ಲಿದೆ, ಆದ್ದರಿಂದ ‘ಉಬ್ಬರ’ ನನಗೆ ಇಷ್ಟ. ಉಬ್ಬರ ಎಂದ ಮೇಲೆ ಇಳಿತ ಇದ್ದೇ ಇದೆಯಲ್ಲ. ಡೆಮಾಕ್ರಾಟರು ‘ಎಸ್ಕಲೇಷನ್’ ಎಂದರು, ವಿಯೆಟ್ನಾಮಿನ ನೆನಪು ಕೆದಕಲೆಂದೇ. ಇದಕ್ಕೆ ‘ಉಲ್ಬಣ’ ಒಪ್ಪುತ್ತದೆ, ಕಾಯಿಲೆಯ ನೆರಳೂ ಬೀಳುತ್ತದೆ. ಮರುದಿನ ಸೆನೆಟ್ ಸಮಿತಿಯೆದುರು ರಿಪಬ್ಲಿಕನ್ ಸದಸ್ಯ ಚಕ್ ಹೇಗಲ್ ಇದು ಎಸ್ಕಲೇಷನ್ ಅಲ್ಲವೇ ಎಂದು ಕುಟುಕಿದಾಗ ವಿದೇಶಾಂಗ ಕಾರ್ಯದರ್ಶಿ ಕಾಂಡೊಲೀಜಾ ರೈಸ್ ಮೂರನೆಯ ಪದ ಹುಡುಕಿಕೊಂಡರು: ‘ಆಗ್ಮೆಂಟೇಷನ್’. ‘ಬಲವರ್ಧನೆ’ ಎಂದರೆ ಸರಿಹೋಗುತ್ತದೆ, ಟಾನಿಕ್ ಬಾಟಲಿಯ ಮೇಲಿನ ಮಾತಿನಂತಿರುವುದೂ ಇಲ್ಲಿ ಗುಣವೇ. ಕೇಳಿದವರು ಬುಷ್ ಅವರ ಪಕ್ಷದವರೇ ಎಂಬುದನ್ನು ಮರೆಯಬಾರದು. ಗೆರೆ ಅಷ್ಟು ನೇರವಾಗಿರಲಿಲ್ಲ. ಯುದ್ಧದ ಪರ ನಿಂತ ಡೆಮಾಕ್ರಾಟ್ ಜೋ ಲೀಬರ್‌ಮನ್ 2006ರಲ್ಲಿ ಪಕ್ಷದ ಒಳಚುನಾವಣೆ ಸೋತು, ಪಕ್ಷೇತರರಾಗಿ ನಿಂತು ಸೆನೆಟ್‌ಗೆ ಗೆದ್ದು ಬಂದರು.

ಇನ್ನು ದಿನಾಂಕದ ಪದಗಳು. 2007ರ ವಸಂತದಲ್ಲಿ ಡೆಮಾಕ್ರಾಟರು ಯುದ್ಧದ ಹಣದ ಮಸೂದೆಗೇ ಸೇನೆ ಹೊರಡುವ ಕಾಲವನ್ನು ಗಂಟುಹಾಕಿದರು. ಪ್ರತಿನಿಧಿ ಸಭೆಯಲ್ಲಿ 218–208, ಸೆನೆಟ್‌ನಲ್ಲಿ 51–46. ಮೇ 1ರಂದು ಬುಷ್ ವೀಟೊ ಮಾಡಿದರು. ವೀಟೊ ಮೀರಲು ಬೇಕಾದ ಮೂರನೇ ಎರಡರಷ್ಟು ಮತ ಸಿಗಲಿಲ್ಲ. ಇಲ್ಲಿ ‘ಗಡುವು’ ಎಂದರೆ ಬುಷ್ ಪಕ್ಷದ ದನಿ ಬರುತ್ತದೆ. ಗಡುವನ್ನು ನಾವು ಕೊಡುವುದು ಎದುರಾಳಿಗೆ, ಸಾಲಗಾರನಿಗೆ. ‘ಕಾಲಮಿತಿ’ ಮಸೂದೆ ತಂದವರ ದನಿ, ಯೋಜನೆಗೊಂದು ಮಿತಿ ಇರಬೇಕಪ್ಪ ಎಂಬ ಸಮಾಧಾನದ್ದು. ‘ವೇಳಾಪಟ್ಟಿ’ ನಿಘಂಟಿಗೆ ನಿಷ್ಠ, ಆದರೆ ಕೇಳಿದೊಡನೆ ರೈಲು, ಪರೀಕ್ಷೆ ನೆನಪಾಗುತ್ತವೆ. ಬೇಡ.

ಇದೇ ಸಾಲಿನಲ್ಲಿ ನನ್ನನ್ನು ನಿಜವಾಗಿ ಸುಸ್ತು ಮಾಡಿದ್ದು 2008ರ ಜುಲೈನ ‘ಟೈಮ್ ಹೊರೈಜನ್’. ಇರಾಕ್ ಪ್ರಧಾನಿ ಮಲಿಕಿ ಸೇನೆ ಹೊರಡುವ ದಿನ ಕೇಳುತ್ತಿದ್ದರು, ಶ್ವೇತಭವನಕ್ಕೆ ದಿನ ಹೇಳಲು ಮನಸ್ಸಿರಲಿಲ್ಲ, ಹಾಗಾಗಿ ಇಬ್ಬರೂ ಸೇರಿ ‘ಸಾಮಾನ್ಯ ಕಾಲದಿಗಂತ’ವೊಂದನ್ನು ಒಪ್ಪಿಕೊಂಡರು. ಮರ್ಥಾ ಅವರ ದಿಗಂತ ಜಾಗದ್ದು, ಇದು ಕಾಲದ್ದು. ‘ಕಾಲದಿಗಂತ’ ಎಂದು ಬರೆದರೆ ಭಾವಗೀತೆಯಾಗುತ್ತದೆ, ‘ಅಂದಾಜು ಅವಧಿ’ ಎಂದರೆ ಜಾಣತನ ಮಾಯವಾಗುತ್ತದೆ. ‘ಇಂಥ ಹೊತ್ತಿಗೆ ಆಗಬಹುದು ಎಂಬ ಮಾತು’ ಎಂದು ಬಿಡಿಸಿ ಬರೆದಿದ್ದೇನೆ. ಒಂದೇ ಪದದಲ್ಲಿ ಹೇಳಬಲ್ಲವರಿದ್ದರೆ ದಯವಿಟ್ಟು ಹೇಳಿ. ಅದೇ 2008ರ ನವೆಂಬರ್ 17ರಂದು ಅಮೆರಿಕ, ಇರಾಕ್ ಸಹಿ ಹಾಕಿದ ಒಪ್ಪಂದದಲ್ಲಂತೂ ದಿಗಂತ ಕರಗಿ ದಿನಾಂಕಗಳೇ ಬಂದವು: 2009ರ ಜೂನ್ 30ರೊಳಗೆ ಊರು, ಹಳ್ಳಿಗಳಿಂದ, 2011ರ ಡಿಸೆಂಬರ್ 31ರೊಳಗೆ ಇಡೀ ಇರಾಕಿನಿಂದ. ಕಾಲಮಿತಿಯ ಮಸೂದೆಯನ್ನು ವೀಟೊ ಮಾಡಿದ್ದ ಸರ್ಕಾರವೇ ಇದಕ್ಕೆ ಸಹಿ ಹಾಕಿತು.

ಕೊನೆಯದಾಗಿ ಬರಹಗಾರನಾಗಿ ನನ್ನ ದನಿಯಲ್ಲಿ, ಯಾರ ಪಕ್ಷವನ್ನೂ ಹಿಡಿಯದೆ, ಬಳಸಬೇಕಾದ ಪದ. ಇಲ್ಲಿ ಕನ್ನಡವೇ ನನ್ನನ್ನು ಒಂದು ಕಡೆಗೆ ತಳ್ಳುತ್ತಿದೆ. ‘ಹಿಂಪಡೆ’ ಮೊದಲೇ ಬೇಡ: ‘ಪಡೆಗಳನ್ನು ಹಿಂಪಡೆ’ ಎಂಬ ತಲೆಬರಹದಲ್ಲಿ ಯಾವ ಪಡೆ ಸೈನ್ಯ, ಯಾವ ಪಡೆ ಕ್ರಿಯಾಪದ ಎಂದು ಎರಡು ಸಲ ಓದಬೇಕು. ‘ಹಿಂತೆಗೆದುಕೊ’ ಎಂದರೆ ನಾಮಪತ್ರ, ಮೊಕದ್ದಮೆ, ಆಡಿದ ಮಾತು ನೆನಪಾಗುತ್ತವೆ. ಮಾಡಿದ್ದು ತಪ್ಪು ಎಂದು ಅರ್ಧ ಒಪ್ಪಿಕೊಂಡಂತೆ. ‘ವಾಪಸ್ ಕರೆಸಿಕೊ’ ಎಂದಾಗ ಹೇಳುವವನು ವಾಷಿಂಗ್ಟನ್ನಿನಲ್ಲಿ ನಿಂತಿರುತ್ತಾನೆ. ಆ ‘ಕೊಳ್ಳು’ ಇದೆಯಲ್ಲ, ಅದು ಲಾಭವನ್ನೆಲ್ಲ ಕರೆಸಿಕೊಂಡವನ ಕಡೆಗೇ ಹಾಕುತ್ತದೆ, ಇರಾಕಿನವನು ಚಿತ್ರದಲ್ಲೇ ಇಲ್ಲ. ಬಾಗ್ದಾದಿನಲ್ಲಿ ನಿಂತು ನೋಡಿದರೆ ‘ತೆರವು’ ಅನ್ನಬೇಕು, ಆದರೆ ನಮಗೆ ತೆರವು ಎಂದೊಡನೆ ಒತ್ತುವರಿ ತೆರವು, ಅಂದರೆ ತೀರ್ಪು ಕೊಟ್ಟಾಯಿತು. ‘ಹೊರಬರು’, ‘ಹೊರಹೋಗು’ ಎರಡರಲ್ಲೂ ನಾನು ಗಡಿಯ ಯಾವ ಬದಿಗಿದ್ದೇನೆಂದು ಗೊತ್ತಾಗಿಬಿಡುತ್ತದೆ.

ಉಳಿದದ್ದು ‘ಹೊರಡು’ ಮತ್ತು ‘ಬಿಡು’. ‘ಸೇನೆ ಇರಾಕಿನಿಂದ ಹೊರಟಿತು’, ‘ಸೇನೆ ಇರಾಕ್ ಬಿಟ್ಟಿತು’. ಇವುಗಳಲ್ಲಿ ‘ಬಿಡು’ವಿನ ಪಕ್ಕದಲ್ಲಿ ‘ತೊಲಗು’ ಸದಾ ಕಾದು ನಿಂತಿರುತ್ತದೆ, 1942ರ ಘೋಷಣೆಯ ದೆಸೆಯಿಂದ. ಆದ್ದರಿಂದ ಸದ್ಯಕ್ಕೆ ‘ಹೊರಡು’ ಎಂದಿಟ್ಟುಕೊಂಡಿದ್ದೇನೆ, ಇಲ್ಲಿಯೂ ಅದನ್ನೇ ಬಳಸಿದ್ದೇನೆ. ಅದರಲ್ಲೂ ಒಂದು ತೊಂದರೆ ಉಂಟು: ಹೊರಡಿಸಿದವರು ಯಾರು ಎಂಬುದು ಮರೆಯಾಗುತ್ತದೆ. 2011ರ ಡಿಸೆಂಬರ್ 18ರಂದು ಕಡೆಯ ವಾಹನಸಾಲು ಗಡಿ ದಾಟಿ ಕುವೈತ್ ಸೇರಿತು. 2014ರಲ್ಲಿ ಐಎಸ್ ಉಗ್ರರು ಇರಾಕಿನ ಮೊಸುಲ್ ನಗರ ಹಿಡಿದ ಮೇಲೆ ಎರಡು ಪಕ್ಷಗಳು ಜಗಳವಾಡಿದ್ದು ಇದಕ್ಕೇ: ಹೊರಡಿಸಿದ್ದು ಒಬಾಮಾ ಎಂದು ರಿಪಬ್ಲಿಕನ್ನರು, ಬುಷ್ ಸಹಿ ಹಾಕಿದ್ದ ಒಪ್ಪಂದದಂತೆ ಹೊರಟದ್ದು ಎಂದು ಡೆಮಾಕ್ರಾಟರು. ‘ಹೊರಟಿತು’ ಎಂದು ಬರೆದರೆ ಡೆಮಾಕ್ರಾಟರ ವಾಕ್ಯ ಬರೆದಂತಾಗುತ್ತದೆಯೇ? ವ್ಯಾಕರಣ ಬಲ್ಲವರು ಹೇಳಬೇಕು.

ಇನ್ನೊಂದು ಕೋರಿಕೆ. 1969ರಿಂದ 1973ರ ನಡುವಿನ ಕನ್ನಡ ದಿನಪತ್ರಿಕೆ, ವಾರಪತ್ರಿಕೆಗಳ ಹಳೆಯ ಸಂಚಿಕೆಗಳು ಯಾರ ಬಳಿಯಾದರೂ ಇದ್ದರೆ, ನಿಕ್ಸನ್ ಸರ್ಕಾರದ ‘ವಿಯೆಟ್ನಮೈಸೇಷನ್’ (ಯುದ್ಧದ ಹೊಣೆಯನ್ನು ದಕ್ಷಿಣ ವಿಯೆಟ್ನಾಮಿನ ಸೇನೆಗೇ ವಹಿಸಿ ಅಮೆರಿಕದ ಸೈನಿಕರು ಹೊರಡುವುದು) ಮತ್ತು ‘ಪೀಸ್ ವಿತ್ ಆನರ್’ (ಮಾನ ಉಳಿಸಿಕೊಂಡ ಶಾಂತಿ) ಎಂಬ ಮಾತುಗಳಿಗೆ ಆಗ ಏನೆಂದು ಬರೆದಿದ್ದರು ನೋಡಿ ತಿಳಿಸುತ್ತೀರಾ? ತಲೆಬರಹ ಮತ್ತು ದಿನಾಂಕ ಸಿಕ್ಕರೆ ಸಾಕು.